ಕೈ ಹೋಗದ ಮೂಲೆಯ ಪಂಪು

ಅಮೆರಿಕದ ಸರೋವರಗಳಲ್ಲಿ ಗಾಳದ ಸ್ಪರ್ಧೆಗೆ ಇಳಿಯುವ ದೋಣಿಗಳಲ್ಲಿ ಹಿಡಿದ ಮೀನನ್ನು ಸಂಜೆಯವರೆಗೆ ಬದುಕಿಸಿಡುವುದು ಒಂದು ಪುಟ್ಟ ಪಂಪು. ದೋಣಿ ಕಟ್ಟಿದವರು ಅದನ್ನು ಎಂಥ ಜಾಗದಲ್ಲಿ ಇಟ್ಟಿದ್ದಾರೆ ಎಂಬುದು ಅದು ಕೆಟ್ಟ ದಿನವೇ ತಿಳಿಯುವುದು.

ಅಮೆರಿಕದಲ್ಲಿ ಬಾಸ್ ಮೀನಿನ ಗಾಳದ ಸ್ಪರ್ಧೆ ಎಂದರೆ ದೊಡ್ಡ ವ್ಯವಹಾರ. ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ಸಾಲುಗಟ್ಟಿ ಸರೋವರಕ್ಕೆ ಇಳಿಯುತ್ತವೆ, ಹೊತ್ತು ಇಳಿದ ಮೇಲೆ ಒಂದೊಂದಾಗಿ ದಡಕ್ಕೆ ಮರಳುತ್ತವೆ. ಹೆಚ್ಚಿನ ಸ್ಪರ್ಧೆಗಳಲ್ಲಿ ದಿನಕ್ಕೆ ಐದು ಮೀನಿನ ಮಿತಿ. ಎಷ್ಟು ಹಿಡಿದರೂ ತಕ್ಕಡಿಗೆ ಹಾಕುವುದು ಅವುಗಳಲ್ಲಿ ದೊಡ್ಡ ಐದನ್ನು ಮಾತ್ರ. ತೂಗುವ ಮುನ್ನ ಮೀನಿನ ಕಿವಿರು ಆಡುತ್ತಿದೆಯೇ ಎಂದು ನೋಡುತ್ತಾರೆ. ಸತ್ತಿದ್ದರೆ ಒಟ್ಟು ತೂಕದಲ್ಲಿ ಕಡಿತ. ಗೆಲುವು ಸೋಲು ಕೆಲವೇ ಔನ್ಸುಗಳಲ್ಲಿ ತೀರ್ಮಾನವಾಗುವ ಕಡೆ ಒಂದು ಸತ್ತ ಮೀನು ಬಹುಮಾನವನ್ನೇ ತಪ್ಪಿಸಬಹುದು. ಬದುಕಿರುವ ಮೀನುಗಳು ತೂಕ ಮುಗಿದ ಮೇಲೆ ಮತ್ತೆ ಸರೋವರಕ್ಕೆ ಹೋಗುತ್ತವೆ.

ಹಾಗಾದರೆ ಬೆಳಿಗ್ಗೆ ಸಿಕ್ಕ ಮೀನು ಸಂಜೆಯವರೆಗೆ ಎಲ್ಲಿರುತ್ತದೆ? ದೋಣಿಯ ಹಿಂಭಾಗದಲ್ಲಿ, ಡೆಕ್ಕಿನ ಕೆಳಗೆ ಅಡಗಿಸಿಟ್ಟ ತೊಟ್ಟಿಯಲ್ಲಿ. ಅಲ್ಲಿಯ ಗಾಳಗಾರರು ಇದನ್ನು ಲೈವ್‌ವೆಲ್ ಎನ್ನುತ್ತಾರೆ. ಸಾಮಾನ್ಯವಾಗಿ ಎಂಬತ್ತರಿಂದ ನೂರೈವತ್ತು ಲೀಟರ್ ನೀರು ಹಿಡಿಯುವ ಈ ತೊಟ್ಟಿಗೆ ಸರೋವರದ ನೀರನ್ನು ತುಂಬುವುದು, ತುಂಬಿದ ನೀರನ್ನು ಬದಲಿಸುತ್ತಿರುವುದು 12 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಪಂಪಿನ ಕೆಲಸ. ಒಂದು ಕೈಯಲ್ಲಿ ಹಿಡಿಯಬಹುದಾದಷ್ಟು ಗಾತ್ರ, ಬೆಲೆ ನೂರು ಡಾಲರಿನೊಳಗೆ. ದೋಣಿಯ ಹಿಂದೆ ತೂಗುವ ಎಂಜಿನ್ನಿಗೆ, ಅದನ್ನು ಹೊತ್ತ ದೋಣಿಗೆ ಹೋಲಿಸಿದರೆ ಪಂಪು ಚಿಲ್ಲರೆ ಸಾಮಾನು. ಆದರೆ ಅದು ನಿಂತ ದಿನ ಮೆಕ್ಯಾನಿಕ್ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಪಂಪು ಬದಲಿಸಲು ಬೇಕಾದದ್ದು ಹತ್ತು ನಿಮಿಷ. ಪಂಪಿನ ಹತ್ತಿರ ಕೈ ಹೋಗಲು ಅರ್ಧ ದಿನ.

ಸರದಿಂದ ತೊಟ್ಟಿಗೆ

ಬಾಸ್ ಸ್ಪರ್ಧೆಗಳಲ್ಲಿ ಮೀನನ್ನು ಬದುಕಿಸಿಡಬೇಕೆಂಬ ನಿಯಮ ಮೊದಲಿನಿಂದಲೂ ಇರಲಿಲ್ಲ. ಅಲಬಾಮ ರಾಜ್ಯದ ವಿಮಾ ಏಜೆಂಟ್ ರೇ ಸ್ಕಾಟ್ 1967ರ ಜೂನ್‌ನಲ್ಲಿ ಅರ್ಕಾನ್ಸಾದ ಬೀವರ್ ಲೇಕ್‌ನಲ್ಲಿ ಮೊದಲ ದೊಡ್ಡ ಸ್ಪರ್ಧೆ ನಡೆಸಿದಾಗ ತಲಾ 100 ಡಾಲರ್ ಶುಲ್ಕ ಕಟ್ಟಿ 106 ಮಂದಿ ಬಂದಿದ್ದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆಗಿನ ಪದ್ಧತಿಯಲ್ಲಿ ಹಿಡಿದ ಮೀನನ್ನು ಹುರಿಗೆ ಪೋಣಿಸಿ ತರುತ್ತಿದ್ದರು. ತೂಕದ ಜಾಗದಲ್ಲಿ ಸತ್ತ ಮೀನಿನ ಸರಗಳು ತೂಗುತ್ತಿದ್ದವು, ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದೇ ಹೆಮ್ಮೆ. ಸ್ಪರ್ಧೆಗಳು ಜನಪ್ರಿಯವಾದಂತೆ ಸ್ಥಳೀಯರ ಗೊಣಗಾಟವೂ ಹೆಚ್ಚಿತು. ಹೊರಗಿನಿಂದ ಬಂದವರು ನಮ್ಮ ಸರೋವರ ಬರಿದು ಮಾಡಿ ಹೋಗುತ್ತಾರೆ ಎಂಬ ದೂರು ಅದು.

ಟ್ರೌಟ್ ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವ ಗಾಳಗಾರರ ಸಂತೋಷವನ್ನು ಕಂಡಿದ್ದ ಸ್ಕಾಟ್, 1972ರಲ್ಲಿ ತಮ್ಮ ಸ್ಪರ್ಧೆಗಳಿಗೂ ಆ ರೂಢಿ ತಂದರು. ಮೀನನ್ನು ಕೊಲ್ಲಬೇಡಿ ಎಂಬುದು ಘೋಷಣೆಯಾಯಿತು, ಬದುಕಿರುವ ಮೀನಿಗೆ ಹೆಚ್ಚುವರಿ ಅಂಕವೂ ಸಿಗತೊಡಗಿತು. ನಿಯಮ ಬದಲಾದ ಕೂಡಲೇ ದೋಣಿಯೂ ಬದಲಾಗಬೇಕಾಯಿತು. ಬಾಸ್ ಹಿಡಿಯುವುದಕ್ಕೆಂದೇ ರೂಪಿಸಿದ ದೋಣಿ ಆಗ ತೀರಾ ಹೊಸದೇನಲ್ಲ. ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ 1948ರಲ್ಲೇ ಸ್ಕೀಟರ್ ಎಂಬ ದೋಣಿ ಕಟ್ಟಿದ್ದರು. ಅರ್ಕಾನ್ಸಾದ ಫ್ಲಿಪಿನ್ ಎಂಬ ಪುಟ್ಟ ಊರಲ್ಲಿ ಫಾರೆಸ್ಟ್ ವುಡ್ ಮತ್ತು ಅವರ ಪತ್ನಿ ನೀನಾ 1968ರಲ್ಲಿ ರೇಂಜರ್ ದೋಣಿಗಳ ತಯಾರಿಕೆ ಆರಂಭಿಸಿದ್ದರು. ಇಂಥ ದೋಣಿಗಳಲ್ಲಿ ಗಾಳಿಯಾಡಿಸುವ ತೊಟ್ಟಿ 1970ರ ದಶಕದಲ್ಲಿ ಸಾಮಾನ್ಯವಾಯಿತು. ಈಗ ಅದಿಲ್ಲದ ಬಾಸ್ ದೋಣಿಯನ್ನು ಯಾರೂ ಕೊಳ್ಳುವುದಿಲ್ಲ.

ನೀರಿನೊಳಗಿನ ಉಸಿರು

ತೊಟ್ಟಿಯಲ್ಲಿ ನೀರಿದ್ದರೆ ಸಾಲದೇ, ಪಂಪು ಯಾಕೆ ಎಂದು ಕೇಳಬಹುದು. ಉತ್ತರ ನೀರಿನಲ್ಲಿ ಕರಗಿದ ಆಮ್ಲಜನಕದಲ್ಲಿದೆ. ಗಾಳಿಗೆ ತೆರೆದ ಸಿಹಿನೀರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದು 9.1ಕ್ಕೆ ಇಳಿಯುತ್ತದೆ, 30 ಡಿಗ್ರಿಯಲ್ಲಿ 7.6ಕ್ಕೆ. ಬಾಸ್ ನೆಮ್ಮದಿಯಾಗಿರಲು ಕನಿಷ್ಠ 5 ಮಿಲಿಗ್ರಾಂ ಆದರೂ ಬೇಕು ಎಂಬುದು ರೂಢಿಯ ಲೆಕ್ಕ. ಬೇಸಿಗೆಯಲ್ಲಿ ಟೆಕ್ಸಾಸ್, ಫ್ಲಾರಿಡಾ, ಅಲಬಾಮದ ಸರೋವರಗಳ ಮೇಲ್ನೀರು ಸುಲಭವಾಗಿ 30 ಡಿಗ್ರಿ ಮುಟ್ಟುತ್ತದೆ. ಅಂದರೆ ಕೈಯಲ್ಲಿರುವ ಬಂಡವಾಳವೇ ಕಡಿಮೆ.

ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ಮೀನು ತಣ್ಣನೆ ರಕ್ತದ ಪ್ರಾಣಿಯಾದ್ದರಿಂದ ನೀರು ಬಿಸಿಯಾದಷ್ಟೂ ಅದರ ದೇಹದ ವ್ಯಾಪಾರ ಚುರುಕಾಗುತ್ತದೆ. ಹತ್ತು ಡಿಗ್ರಿ ಏರಿದರೆ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿ. ಗಾಳಕ್ಕೆ ಸಿಕ್ಕು ಒದ್ದಾಡಿ ದಣಿದ ಮೀನಿಗಂತೂ ಇನ್ನೂ ಹೆಚ್ಚು ಬೇಕು. ಅಂಥ ಐದು ದೊಡ್ಡ ಮೀನುಗಳನ್ನು ನೂರು ಲೀಟರ್ ನೀರಿನಲ್ಲಿಟ್ಟು ಮುಚ್ಚಳ ಹಾಕಿದರೆ ಆಮ್ಲಜನಕ ಬೇಗನೆ ಬತ್ತುತ್ತದೆ. ಅವು ಹೊರಹಾಕುವ ಇಂಗಾಲದ ಡೈ ಆಕ್ಸೈಡ್ ಮತ್ತು ಅಮೋನಿಯಾ ಅದೇ ನೀರಿನಲ್ಲಿ ಸೇರುತ್ತಾ ಹೋಗುತ್ತವೆ.

ಇದಕ್ಕೆ ಸಾಮಾನ್ಯವಾಗಿ ಎರಡು ಪಂಪು ಇಡುತ್ತಾರೆ. ಒಂದು ಸರೋವರದಿಂದ ನೀರೆತ್ತಿ ತೊಟ್ಟಿಗೆ ತುಂಬುತ್ತದೆ, ಹೆಚ್ಚಾದ ನೀರು ಮೇಲಿನ ರಂಧ್ರದಿಂದ ಹೊರಗೆ ಹರಿಯುತ್ತದೆ. ಇನ್ನೊಂದು ತೊಟ್ಟಿಯ ನೀರನ್ನೇ ಎತ್ತಿ ಸಿಂಪಡಿಸಿ ಗಾಳಿ ಬೆರೆಸುತ್ತದೆ. ಸರೋವರದ ನೀರೇ ಕಾದಿರುವ ದಿನ ಮೊದಲನೆಯದನ್ನು ನಿಲ್ಲಿಸಿ, ತೊಟ್ಟಿಗೆ ಮಂಜುಗಡ್ಡೆ ಹಾಕಿ, ಎರಡನೆಯದನ್ನು ಓಡಿಸುವುದುಂಟು. ಮೀನುಗಾರಿಕಾ ತಜ್ಞರಾದ ಜೀನ್ ಗಿಲಿಲ್ಯಾಂಡ್ ಮತ್ತು ಹ್ಯಾಲ್ ಶ್ರಾಮ್ ಬಾಸ್ ಮೀನನ್ನು ಬದುಕಿಸಿಡುವ ಕುರಿತು 2002ರಲ್ಲಿ ತಂದ ಕೈಪಿಡಿಯ ಸಲಹೆಗಳ ಸಾರವೂ ಇದೇ: ಪಂಪು ಬಿಡದೆ ಓಡಲಿ, ಬಿಸಿಲಿನಲ್ಲಿ ನೀರು ಕೆಲವು ಡಿಗ್ರಿ ತಣ್ಣಗಿರಲಿ. ತಕ್ಕಡಿಯ ಹತ್ತಿರ ಬದುಕಿದ್ದ ಮೀನು, ತೊಟ್ಟಿಯಲ್ಲಿ ಪಟ್ಟ ಪಾಡಿನಿಂದಾಗಿ ಕೆಲವು ದಿನಗಳ ಮೇಲೆ ಸರೋವರದಲ್ಲಿ ಸಾಯುವುದೂ ಇದೆ. ಹಾಗಾಗಿ ಪಂಪಿನ ಮಾತು ಬಹುಮಾನದೊಂದಿಗೆ ಮುಗಿಯುವುದಿಲ್ಲ.

ಪಂಪಿಲ್ಲದ ಕಾಲ

ಹಿಡಿದ ಮೀನನ್ನು ದೋಣಿಯಲ್ಲೇ ಬದುಕಿಸಿಡುವ ಉಪಾಯ ಬಹಳ ಹಳೆಯದು, ಅದಕ್ಕೆ ಪಂಪೇ ಬೇಕಿರಲಿಲ್ಲ. ರೋಮ್ ಹತ್ತಿರದ ಫ್ಯೂಮಿಚಿನೊದಲ್ಲಿ ವಿಮಾನ ನಿಲ್ದಾಣ ಕಟ್ಟುವಾಗ, 1950ರ ದಶಕದ ಕೊನೆಯಲ್ಲಿ, ಚಕ್ರವರ್ತಿ ಕ್ಲಾಡಿಯಸ್ ಕಟ್ಟಿಸಿದ್ದ ಬಂದರಿನ ಜಾಗದಲ್ಲಿ ಪ್ರಾಚೀನ ದೋಣಿಗಳ ಅವಶೇಷ ಸಿಕ್ಕವು. ಅವುಗಳಲ್ಲೊಂದು ಮೀನುಗಾರಿಕೆಯ ಪುಟ್ಟ ದೋಣಿ. ಅದರ ನಟ್ಟನಡುವೆ ಮರದ ತೊಟ್ಟಿ, ತೊಟ್ಟಿಯ ತಳದಲ್ಲಿ ರಂಧ್ರಗಳು, ರಂಧ್ರಗಳಿಗೆ ಬಿರಡೆ. ಬಿರಡೆ ತೆಗೆದರೆ ಸಮುದ್ರದ ನೀರು ತಾನಾಗಿ ಒಳಬಂದು ಹೊರಹೋಗುತ್ತದೆ.

ಇದೇ ಯುಕ್ತಿ ಮುಂದೆ ಹಾಲೆಂಡ್, ಇಂಗ್ಲೆಂಡ್‌ಗಳ ದೋಣಿಗಳಲ್ಲಿ ಬಂತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನೋಆಂಕ್‌ನಲ್ಲಿ 1866ರಲ್ಲಿ ಕಟ್ಟಿದ ಎಮ್ಮಾ ಸಿ. ಬೆರ್ರಿ ಎಂಬ ಹಾಯಿದೋಣಿಯ ಒಡಲಲ್ಲೂ ಅಂಥದೇ ತೊಟ್ಟಿ. ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇವತ್ತಿಗೂ ಕಾಣಬಹುದು.

ನಮ್ಮ ಕಡಲಿನಲ್ಲೂ ಇದಕ್ಕೆ ಉದಾಹರಣೆ ಇದೆ. ಲಕ್ಷದ್ವೀಪದವರು ಗಳ ಮತ್ತು ಗಾಳದಿಂದ ಟ್ಯೂನಾ ಹಿಡಿಯುವಾಗ ಜೀವಂತ ಸಣ್ಣ ಮೀನುಗಳನ್ನು ಎರೆಯಾಗಿ ನೀರಿಗೆ ಎರಚುತ್ತಾರೆ. ಆ ಎರೆಮೀನನ್ನು ಬದುಕಿಸಿಡುವ ತೊಟ್ಟಿ ದೋಣಿಯ ಒಡಲಲ್ಲೇ ಇರುತ್ತದೆ, ತಳದ ರಂಧ್ರಗಳಿಂದ ಕಡಲ ನೀರು ಆಡುತ್ತಿರುತ್ತದೆ. ಮಿನಿಕಾಯ್‌ನಲ್ಲಿ ಹಿಂದಿನಿಂದ ಬಂದ ಈ ವಿದ್ಯೆ, ಯಂತ್ರದ ದೋಣಿಗಳು ಬಂದ ಮೇಲೆ ಉಳಿದ ದ್ವೀಪಗಳಿಗೂ ಹಬ್ಬಿತು. ಈ ದ್ವೀಪಗಳ ಪೈಕಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಹೊತ್ತ ಮಂಜಿ ದೋಣಿಗಳ ಓಡಾಟ ಆಮೇಲೂ ನಿಂತಿಲ್ಲ.

ತಳದಲ್ಲಿ ತೂತು ಕೊರೆದ ತೊಟ್ಟಿಗೆ ಒಂದೇ ಷರತ್ತು: ದೋಣಿ ನೀರಿನಲ್ಲಿ ಮುಳುಗಿಕೊಂಡೇ ಸಾಗಬೇಕು. ಬಾಸ್ ದೋಣಿ ಹಾಗೆ ಸಾಗುವುದಿಲ್ಲ. 200, 250 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಹಚ್ಚಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವಾಗ ಅದರ ಒಡಲಿನ ಬಹುಭಾಗ ನೀರಿನಿಂದ ಮೇಲೆದ್ದಿರುತ್ತದೆ. ತಳದ ತೂತಿನಿಂದ ನೀರು ಬರುವುದಿರಲಿ, ಇದ್ದ ನೀರೂ ಸೋರಿಹೋದೀತು. ಮುಚ್ಚಿದ ತೊಟ್ಟಿ, ಅದಕ್ಕೆ ನೀರೆತ್ತುವ ಪಂಪು, ಎರಡೂ ವೇಗದ ಹಿಂದೆಯೇ ಬಂದವು.

ಮೊದಲು ಇಟ್ಟದ್ದು, ಕೊನೆಗೆ ಸಿಗುವುದು

ಈ ಪಂಪಿನ ಒಳಗಿರುವುದು ಒಂದು ಚಿಕ್ಕ ಮೋಟಾರ್, ಅದರ ತುದಿಯಲ್ಲಿ ತಿರುಗುವ ಇಂಪೆಲ್ಲರ್. ಇಂಪೆಲ್ಲರ್ ನೀರನ್ನು ಸುತ್ತಿಸಿ ಅಂಚಿಗೆ ಎಸೆಯುತ್ತದೆ, ಎಸೆದ ನೀರು ಹೋಸ್ ಪೈಪಿನಲ್ಲಿ ಮೇಲೇರುತ್ತದೆ. ಈ ಜಾತಿಯ ಪಂಪಿಗೆ ಕೆಳಗಿನಿಂದ ನೀರನ್ನು ಹೀರಿಕೊಳ್ಳುವ ಶಕ್ತಿಯಿಲ್ಲ. ನೀರು ತಾನಾಗಿ ಅದರ ಬಾಯಿಗೆ ಬಂದು ನಿಲ್ಲಬೇಕು. ಆದ್ದರಿಂದ ಅದನ್ನು ಸರೋವರದ ನೀರಿನ ಮಟ್ಟಕ್ಕಿಂತ ಕೆಳಗೇ ಕೂರಿಸಬೇಕು. ಇನ್ನೂರು ಕಿಲೋಗೂ ಮಿಕ್ಕಿದ ಎಂಜಿನ್ ಹಿಂಬದಿಯಲ್ಲಿ ತೂಗುವುದರಿಂದ ದೋಣಿ ಹೆಚ್ಚು ಆಳಕ್ಕೆ ಕೂರುವುದೂ ಅಲ್ಲೇ, ಓಡುವಾಗ ನೀರಿಗೆ ತಾಗಿಕೊಂಡಿರುವುದೂ ಅಲ್ಲೇ. ಹೀಗಾಗಿ ಪಂಪಿನ ಜಾಗ ಹಿಂಬದಿಯ ಗೋಡೆಗೆ ಹೊಂದಿಕೊಂಡ ತಳದ ಮೂಲೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಭೌತಶಾಸ್ತ್ರ ಹೇಳಿದ ಜಾಗ ಅದು.

ತೊಂದರೆ ಶುರುವಾಗುವುದು ದೋಣಿ ಕಟ್ಟುವ ಕ್ರಮದಲ್ಲಿ. ಫೈಬರ್‌ಗ್ಲಾಸ್ ದೋಣಿಯನ್ನು ಎರಡು ದೊಡ್ಡ ಅಚ್ಚುಗಳಲ್ಲಿ ಎರಡು ಭಾಗವಾಗಿ ಎರಕ ತೆಗೆಯುತ್ತಾರೆ. ಕೆಳಗಿನದು ಒಡಲು, ಮೇಲಿನದು ಡೆಕ್. ಒಡಲಿಗೆ ಮೊದಲು ಉದ್ದುದ್ದ ಪಟ್ಟಿಗಳನ್ನು ಕೂರಿಸಿ ಬಲ ಕೊಡುತ್ತಾರೆ. ಆಮೇಲೆ ಪೆಟ್ರೋಲ್ ಟ್ಯಾಂಕು, ಪೈಪುಗಳು, ವೈರುಗಳು. ಖಾಲಿ ಉಳಿದ ಕಡೆಗೆಲ್ಲ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಫೋಮ್ ಸುರಿಯುತ್ತಾರೆ. ಇದು ದುಂದಲ್ಲ. 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗಳು ಒಳಗೆ ನೀರು ತುಂಬಿದರೂ ಮುಳುಗದೆ ತೇಲಬೇಕೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆಯ ನಿಯಮವೇ ಇದೆ, ಅದಕ್ಕಿಂತ ದೊಡ್ಡ ದೋಣಿಗಳಿಗೂ ಹಲವು ತಯಾರಕರು ಫೋಮ್ ತುಂಬುತ್ತಾರೆ. ಎಲ್ಲ ಆದ ಮೇಲೆ ಡೆಕ್ಕನ್ನು ಕ್ರೇನಿನಲ್ಲಿ ಎತ್ತಿ ಒಡಲಿನ ಮೇಲೆ ಕೂರಿಸಿ ಅಂಚನ್ನು ಬೆಸೆಯುತ್ತಾರೆ. ಹಿಂಬದಿಯ ಗೂಡಿಗೆ ಕೊನೆಯಲ್ಲಿ ಬರುವುದು ಬ್ಯಾಟರಿಗಳು, ಚಾರ್ಜರ್, ಎಂಜಿನ್ ಆಯಿಲ್ ಡಬ್ಬಿ, ಫಿಲ್ಟರ್, ಬೆರಳು ದಪ್ಪದ ಕೇಬಲ್ಲುಗಳು.

ಪಂಪನ್ನು ಹಾಕಿದ ಕೆಲಸಗಾರನ ಮುಂದೆ ತೆರೆದ ಒಡಲಿತ್ತು. ಎರಡೂ ಕೈ ಆಡಿಸಿ, ಕಣ್ಣಿಂದ ನೋಡಿ, ಸ್ಕ್ರೂ ತಿರುಗಿಸಿ ಹೋದ. ಅದನ್ನು ಬಿಚ್ಚಬೇಕಾದವನಿಗೆ ಸಿಗುವುದು ಡೆಕ್ಕಿನ ಒಂದು ಚಿಕ್ಕ ಬಾಗಿಲು, ಅದರಾಚೆ ಬ್ಯಾಟರಿಗಳ ಗುಂಪು, ಗುಂಪಿನ ಹಿಂದೆ ಟ್ಯಾಂಕಿನ ಮಗ್ಗುಲು, ಅದರ ಕೆಳಗೆ ಕತ್ತಲು. ಬೆಂಗಳೂರಿನ ಹೊಸ ಮನೆಗಳಲ್ಲಿ ಟೈಲ್ಸ್ ಹಿಂದೆ ಹೂತ ನಲ್ಲಿ ಪೈಪು ಸೋರಿದಾಗ ಮನೆಯವರು ಪಡುವ ಪಾಡು ಇದೇ ಜಾತಿಯದು: ಕೆಟ್ಟ ಸಾಮಾನಿಗಿಂತ ಅದನ್ನು ಮುಚ್ಚಿದ ಗೋಡೆಗೇ ದುಡ್ಡು ಹೋಗುತ್ತದೆ.

ಹೂತಿಟ್ಟ ಸಾಮಾನು ದೋಣಿಯಷ್ಟೇ ಕಾಲ ಬಾಳುವಂಥದ್ದಾಗಿದ್ದರೆ ಚಿಂತೆಯಿರಲಿಲ್ಲ. ಫೈಬರ್‌ಗ್ಲಾಸ್ ಒಡಲು ನೋಡಿಕೊಂಡರೆ ದಶಕಗಟ್ಟಲೆ ಬರುತ್ತದೆ. ಪಂಪಿನ ಮೋಟಾರಿನ ಕಾರ್ಬನ್ ಬ್ರಷ್ ಸವೆಯುತ್ತದೆ, ಸೀಲ್ ಹಳತಾಗಿ ನೀರು ಒಳಸೇರುತ್ತದೆ. ನೀರಿಲ್ಲದೆ ಓಡಿದರೆ ಕಾದು ಹಾಳಾಗುತ್ತದೆ. ಚಳಿಗಾಲದಲ್ಲಿ ಒಳಗುಳಿದ ನೀರು ಮಂಜುಗಡ್ಡೆಯಾದರೆ ಶೇ 9ರಷ್ಟು ಹಿಗ್ಗುವುದರಿಂದ ಪ್ಲಾಸ್ಟಿಕ್ ಕವಚ ಸೀಳುತ್ತದೆ. ಒಂದು ದೋಣಿಯ ಆಯುಸ್ಸಿನಲ್ಲಿ ಪಂಪು ಹಲವು ಬಾರಿ ಬದಲಾಗಲೇಬೇಕು. ಇದು ದೋಣಿ ಕಟ್ಟುವವರಿಗೂ ಗೊತ್ತು.

ಕೆಟ್ಟಿರುವುದು ಪಂಪೇನಾ?

ಅನುಭವವುಳ್ಳ ಮೆಕ್ಯಾನಿಕ್ ಮೊದಲು ಪಂಪಿನ ಕಡೆ ಕೈ ಹಾಕುವುದೇ ಇಲ್ಲ. ಅಷ್ಟು ಕಷ್ಟಪಟ್ಟು ತಲುಪಿದ ಮೇಲೆ ಅದು ಸರಿಯಾಗಿಯೇ ಇದೆ ಎಂದು ಗೊತ್ತಾದರೆ ಆಗುವ ಸಂಕಟ ಅವನಿಗೆ ಗೊತ್ತು. ಸ್ವಿಚ್ ಹಾಕಿದಾಗ ಮೋಟಾರಿನ ಸದ್ದು ಬರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ.

ಸದ್ದಿದೆ, ನೀರಿಲ್ಲ ಎಂದಾದರೆ ದಾರಿ ಕಟ್ಟಿಕೊಂಡಿರಬಹುದು. ಹೊರಗಿನ ಜಾಲರಿಗೆ ಜೊಂಡು ಸಿಕ್ಕಿರುತ್ತದೆ, ಇಂಪೆಲ್ಲರಿಗೆ ತುಂಡಾದ ಗಾಳದ ದಾರ ಸುತ್ತಿಕೊಂಡಿರುತ್ತದೆ. ಅದೂ ಇಲ್ಲವಾದರೆ ಒಳಗೆ ಗಾಳಿ ಕಟ್ಟಿರುತ್ತದೆ. ದೋಣಿ ವೇಗವಾಗಿ ಓಡುವಾಗ ಪಂಪಿನ ಬಾಯಿ ನೀರಿನಿಂದ ಮೇಲೆದ್ದು ಗಾಳಿ ಸೇರುವುದುಂಟು, ಸೇರಿದ ಗಾಳಿಯನ್ನು ಈ ಪಂಪು ತಾನಾಗಿ ತಳ್ಳಲಾರದು. ದೋಣಿಯನ್ನು ಸ್ವಲ್ಪ ದೂರ ಹಿಂದಕ್ಕೆ ಓಡಿಸಿದರೆ ನೀರಿನ ಒತ್ತಡಕ್ಕೆ ಗಾಳಿ ಹೊರಟುಹೋಗುತ್ತದೆ, ಪಂಪು ಮತ್ತೆ ನೀರೆತ್ತುತ್ತದೆ. ಒಂದು ಪೈಸೆ ಖರ್ಚಿಲ್ಲದ ರಿಪೇರಿ.

ಸದ್ದೇ ಇಲ್ಲದಿದ್ದರೆ ಫ್ಯೂಸ್, ಆಮೇಲೆ ಸ್ವಿಚ್, ಟೈಮರ್. ಪಂಪಿನ ವೈರು ಎಲ್ಲಿಯಾದರೂ ಕೈಗೆ ಸಿಗುವಂತಿದ್ದರೆ ಅಲ್ಲಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು ನೋಡುತ್ತಾರೆ. ಆಗ ಓಡಿದರೆ ಪಂಪು ನಿರಪರಾಧಿ, ದೋಷವಿರುವುದು ದಾರಿಯಲ್ಲಿ. ಹೆಚ್ಚಾಗಿ ಅದು ವೈರಿನ ಜಾಯಿಂಟ್. ದೋಣಿಯ ತಳದಲ್ಲಿ ನಿಂತ ನೀರಿಗೆ ತಾಗಿ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತದೆ. ಹಾಗೆ ಅರೆಜೀವವಾದ ಜಾಯಿಂಟ್ ಪಂಪನ್ನು ನಿಲ್ಲಿಸದೆ ನಿಧಾನಗೊಳಿಸುವುದೂ ಉಂಟು. ನೀರು ಬರುತ್ತಿದೆಯಲ್ಲ ಎಂದು ಗಾಳಗಾರ ಸುಮ್ಮನಿರುತ್ತಾನೆ, ತೊಟ್ಟಿಯ ಮೀನು ಮಗುಚಿಕೊಂಡಾಗಲೇ ತಿಳಿಯುವುದು. ನೇರ ಕರೆಂಟಿಗೂ ಅಲುಗಾಡದಿದ್ದರೆ ಆಗ ಬೇರೆ ದಾರಿಯಿಲ್ಲ, ಒಳಗಿಳಿಯಬೇಕು.

ಬಿಚ್ಚುವ ವಿದ್ಯೆ

ಈ ಕೆಲಸವನ್ನು ನೆಲದ ಮೇಲೆ, ದೋಣಿ ಟ್ರೇಲರಿನಲ್ಲಿರುವಾಗಲೇ ಮಾಡಬೇಕು. ಪಂಪು ಕೂತಿರುವುದು ನೀರಿನ ಮಟ್ಟಕ್ಕಿಂತ ಕೆಳಗೆ ಕೊರೆದ ತೂತಿನ ಮೇಲೆ. ಬಾಸ್ ದೋಣಿಗಳಲ್ಲಿ ಎಷ್ಟೋ ಕಡೆ ಅದಕ್ಕೊಂದು ವಾಲ್ವ್ ಕೂಡ ಇರುವುದಿಲ್ಲ. ಎರಡನೆಯ ಎಚ್ಚರಿಕೆ ಪೆಟ್ರೋಲಿನದು. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ತಳದ ಗೂಡಿನಲ್ಲೇ ಕೂತಿರುತ್ತದೆ. ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆಮೇಲಷ್ಟೇ ಕೈ ಹಾಕುವುದು ಕ್ಷೇಮ.

ಮುಂದಿನದು ಕಣ್ಣಿಗಿಂತ ಬೆರಳಿನ ಕೆಲಸ. ಬ್ಯಾಟರಿಗಳನ್ನು ಎತ್ತಿ ಹೊರಗಿಟ್ಟರೆ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಲು ಜಾಗವಾಗುತ್ತದೆ. ತಲೆ ಒಳಗೆ ಹೋದರೆ ಕೈ ಹೋಗುವುದಿಲ್ಲ, ಕೈ ಹೋದರೆ ತಲೆ ಹೋಗುವುದಿಲ್ಲ. ಆದ್ದರಿಂದ ಮೊದಲು ಮೊಬೈಲನ್ನು ಒಳಗಿಳಿಸಿ ವಿಡಿಯೊ ತೆಗೆದು, ಕ್ಲ್ಯಾಂಪಿನ ಸ್ಕ್ರೂ ಯಾವ ಕಡೆಗಿದೆ, ವೈರು ಎಲ್ಲಿ ಹೋಗುತ್ತದೆ ಎಂದು ನೋಡಿಟ್ಟುಕೊಳ್ಳುತ್ತಾರೆ. ಬಾಗುವ ಕತ್ತಿನ ಸ್ಪ್ಯಾನರ್ ಇದ್ದರೆ ಕ್ಲ್ಯಾಂಪ್ ಸಡಿಲಾಗುತ್ತದೆ. ವರ್ಷಗಟ್ಟಲೆ ಹಿಡಿದುಕೊಂಡ ಹೋಸ್ ಪೈಪು ಎಳೆದರೆ ಬರುವುದಿಲ್ಲ. ಬಲ ಹಾಕಿದರೆ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಪೈಪಿನ ತುದಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಬಿಡಿಸಿಕೊಂಡು, ಸೀಳಿದಷ್ಟನ್ನು ಕತ್ತರಿಸಿ ಹಾಕುವುದೇ ಒಳ್ಳೆಯದು.

ಇನ್ನು ಪಂಪು. ಅನೇಕ ಕಂಪನಿಗಳ ಪಂಪುಗಳು ಈಗ ಎರಡು ತುಂಡಾಗಿ ಬರುತ್ತವೆ. ದೋಣಿಗೆ ಅಂಟಿಕೊಂಡ ಬುಡ ಒಂದು, ಅದರೊಳಗೆ ಕೂರುವ ಮೋಟಾರ್ ತಲೆ ಇನ್ನೊಂದು. ಪಕ್ಕದ ಕೊಂಡಿ ಒತ್ತಿ ಸ್ವಲ್ಪ ತಿರುಗಿಸಿದರೆ ತಲೆ ಹೊರಬರುತ್ತದೆ. ಹೊಸದನ್ನು ಅದರ ರಬ್ಬರ್ ಉಂಗುರಕ್ಕೆ ತುಸು ಗ್ರೀಸ್ ಸವರಿ ಕೂರಿಸಿದರೆ ಮುಗಿಯಿತು. ಪೈಪನ್ನೂ ಮುಟ್ಟಬೇಕಿಲ್ಲ, ದೋಣಿಯ ತೂತಿನ ಅಂಟನ್ನೂ ಕದಲಿಸಬೇಕಿಲ್ಲ. ಆದ್ದರಿಂದ ಬಲ್ಲವರು ಹೆಚ್ಚು ಶಕ್ತಿಯ ಬೇರೆ ಪಂಪಿನ ಆಸೆಗೆ ಬೀಳದೆ, ಹಳೆಯದರ ಮೇಲಿನ ಚೀಟಿ ಓದಿ ಅದೇ ಮಾಡೆಲ್ ತರುತ್ತಾರೆ.

ಅದು ಸಿಗದಿದ್ದರೆ ಕಷ್ಟ ಹೆಚ್ಚು. ಹಳೆಯ ಬುಡ ಹೊರಗಿನ ನೀರಿನ ಮೂತಿಗೆ ಸ್ಕ್ರೂವಿನಂತೆ ತಿರುಗಿ ಕೂತಿರುತ್ತದೆ. ಅದನ್ನು ಬಿಚ್ಚಲು ಇಡೀ ಪಂಪನ್ನೇ ಸುತ್ತು ತಿರುಗಿಸಬೇಕು, ತಿರುಗಲು ಪಕ್ಕದ ಟ್ಯಾಂಕು ಬಿಡುವುದಿಲ್ಲ. ಒಳಗೆ ತಿರುಗಿಸುವಾಗ ಹೊರಗಿನ ಮೂತಿಯೂ ಜೊತೆಗೇ ತಿರುಗಿದರೆ ಅಂಟು ಬಿಟ್ಟು ಸೋರತೊಡಗುತ್ತದೆ, ಹೊರಗೊಬ್ಬರು ಹಿಡಿದುಕೊಂಡಿರಬೇಕು. ಮೂತಿಯನ್ನೇ ಬದಲಿಸುವುದಾದರೆ ಅಂಟಿನ ಆಯ್ಕೆಯಲ್ಲೂ ವಿವೇಕ ಬೇಕು. ದೋಣಿ ರಿಪೇರಿಯವರಲ್ಲಿ ಹೆಸರಾದ ತ್ರೀ ಎಂ 5200 ಎಂಬ ಅಂಟು ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ ತೆಗೆದುಕೊಳ್ಳುತ್ತದೆ, ಆಮೇಲೆ ಬಿಡುವ ಮಾತೇ ಇಲ್ಲ. ಮುಂದೆ ಬಿಚ್ಚಬೇಕಾದ ಕಡೆ ಅದಕ್ಕಿಂತ ಮೃದುವಾದ, ಬಿಡಿಸಲು ಬರುವ ಅಂಟೇ ಸೂಕ್ತ.

ಹೊಸ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಏರುತ್ತದೆ. ಕ್ಲ್ಯಾಂಪಿನ ಸ್ಕ್ರೂ ತಲೆ ಬಾಗಿಲಿನ ಕಡೆಗೆ ಮುಖ ಮಾಡಿರಬೇಕು. ಹಳೇ ವೈರು ಎಳೆಯುವ ಮುನ್ನ ಅದರ ತುದಿಗೆ ದಾರ ಕಟ್ಟಿದರೆ ಹೊಸ ವೈರು ಅದೇ ದಾರಿಯಲ್ಲಿ ಬರುತ್ತದೆ. ಜಾಯಿಂಟನ್ನು ತಳದ ನೀರಿಗಿಂತ ಮೇಲಕ್ಕೆ ಎತ್ತಿ, ಕಾಯಿಸಿದರೆ ಅಂಟು ಬಿಟ್ಟು ಬಿಗಿಯುವ ತೋಳು ಹಾಕಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಆಗಲೂ ನೀರು ಒಂದಿಷ್ಟು ಬರುವುದರಿಂದ ತಪ್ಪು ತಟ್ಟನೆ ಗೊತ್ತಾಗುವುದಿಲ್ಲ. ಕೊನೆಯ ಪರೀಕ್ಷೆ ಸರೋವರದ ಇಳಿಜಾರಿನಲ್ಲಿ. ಟ್ರೇಲರಿಗೆ ಕಟ್ಟಿದ ಪಟ್ಟಿ ಬಿಚ್ಚದೆ ದೋಣಿಯನ್ನು ಪಂಪು ಮುಳುಗುವಷ್ಟು ನೀರಿಗೆ ಇಳಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಟಾರ್ಚ್ ಹಿಡಿದು ಒಳಗೆ ನೋಡಬೇಕು. ಹನಿ ಕಂಡರೆ ಹಾಗೆಯೇ ಮೇಲೆಳೆದುಕೊಳ್ಳಬಹುದು.

ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಗಂಟೆಗೆ 500 ಗ್ಯಾಲನ್ ಎಂದರೆ ಸುಮಾರು 1,900 ಲೀಟರ್. ಕಾಗದದ ಲೆಕ್ಕದಲ್ಲಿ ನೂರು ಲೀಟರಿನ ತೊಟ್ಟಿ ಮೂರು ಚಿಲ್ಲರೆ ನಿಮಿಷದಲ್ಲಿ ತುಂಬಬೇಕು. ಅದು ಮೇಲೆತ್ತುವ ಎತ್ತರ, ಪೈಪಿನ ತಿರುವು ಯಾವುದೂ ಇಲ್ಲದಾಗಿನ ಅಳತೆ. ಪೈಪು ಮೂರು ಕಡೆ ಬಾಗಿ ಮೇಲೇರುವ ದೋಣಿಯಲ್ಲಿ ಅಷ್ಟು ನೀರು ಬರುವುದಿಲ್ಲ.

ಹೊಸ ಬಾಗಿಲು ಕೊರೆದವರು

ಎಷ್ಟು ಮಾಡಿದರೂ ಕೈ ತಲುಪದ ದೋಣಿಗಳೂ ಇವೆ. ಅಲ್ಲಿ ಕೆಲವರು ಡೆಕ್ಕಿಗೋ ಗೂಡಿನ ಗೋಡೆಗೋ ಆರೆಂಟು ಇಂಚಿನ ದುಂಡು ತೂತು ಕೊರೆದು, ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ ಕೂರಿಸುತ್ತಾರೆ. ಕೆಳಗೆ ಟ್ಯಾಂಕು, ವೈರು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊರೆಯಬೇಕು. ಭಾರ ಹೊರುವ ಪಟ್ಟಿಯನ್ನು ಕತ್ತರಿಸಬಾರದು. ಹೊಸ ದೋಣಿಗೆ ಗರಗಸ ಹಿಡಿಯಲು ಯಾರಿಗಾದರೂ ಕೈ ನಡುಗುತ್ತದೆ. ಆದರೆ ಒಮ್ಮೆ ಕೊರೆದರೆ ಮುಂದಿನ ಎಲ್ಲ ಪಂಪುಗಳೂ ಆ ದಾರಿಯಲ್ಲೇ ಬರುತ್ತವೆ, ಹೋಗುತ್ತವೆ. ಇನ್ನು ಕೆಲವರು ಹಳೆಯ ಪಂಪನ್ನು ಇದ್ದಲ್ಲೇ ಬಿಟ್ಟು, ಅದರ ಹೊರಗಿನ ಬಾಯಿಯನ್ನು ಭದ್ರವಾಗಿ ಮುಚ್ಚಿ, ಕೈಗೆಟುಕುವ ಕಡೆ ಹೊಸ ಪಂಪು ಹಾಕುತ್ತಾರೆ. ದೋಣಿಗೆ ನೀರಿನ ಮಟ್ಟದ ಕೆಳಗೆ ಇನ್ನೊಂದು ತೂತು ಎಂಬುದೇ ಆ ದಾರಿಯ ಬೆಲೆ.

ದೋಣಿ ತಯಾರಕರ ಪರವಾಗಿಯೂ ಒಂದು ಮಾತಿದೆ. ಹೆಚ್ಚು ಪೆಟ್ರೋಲು, ಹೆಚ್ಚು ಬ್ಯಾಟರಿ, ದೊಡ್ಡ ತೊಟ್ಟಿ, ಅಗಲವಾದ ಡೆಕ್ಕು, ಇವನ್ನೆಲ್ಲ ಕೇಳಿದವರು ಗ್ರಾಹಕರೇ. ಪಂಪು ಬದಲಿಸಲು ಜಾಗ ಬಿಡಿ ಎಂದು ಶೋರೂಮಿನಲ್ಲಿ ಕೇಳಿದವರು ಅಪರೂಪ. ಒಂದಿಂಚು ಜಾಗ ಬಿಟ್ಟರೂ ಅದು ಕಣ್ಣಿಗೆ ಕಾಣುವ ಸೌಕರ್ಯದಿಂದ ಕಳೆದಂತೆ. ಆದರೆ ಈ ವಾದಕ್ಕೆ ಉತ್ತರ ಅದೇ ದೋಣಿಗಳಲ್ಲಿದೆ. ಪಂಪುಗಳನ್ನು ಒಂದೇ ಸಾಲಿನಲ್ಲಿ ಬಾಗಿಲಿನ ನೇರಕ್ಕೆ ಜೋಡಿಸಿ, ಪ್ರತಿಯೊಂದಕ್ಕೂ ವಾಲ್ವ್ ಇಟ್ಟು, ವೈರಿನ ಜಾಯಿಂಟ್ ಮೇಲೆತ್ತಿ ಕಟ್ಟಿದ ದೋಣಿಗಳೂ ಮಾರುಕಟ್ಟೆಯಲ್ಲಿವೆ. ಅವೂ ಅಷ್ಟೇ ವೇಗವಾಗಿ ಓಡುತ್ತವೆ, ಅಷ್ಟೇ ಮೀನು ಹಿಡಿಸುತ್ತವೆ. ಬೇಕಿದ್ದದ್ದು ನಕ್ಷೆ ಬರೆಯುವಾಗಲೇ ಬಿಚ್ಚುವವನ ಕೈಯನ್ನು ನೆನೆಯುವ ಒಬ್ಬ ಎಂಜಿನಿಯರ್, ಅವನ ಮಾತು ಕೇಳುವ ಒಂದು ಕಂಪನಿ.

ಗಂಟೆಗೆ ನೂರು ಡಾಲರಿಗೂ ಹೆಚ್ಚು ಕೂಲಿ ಇರುವ ದೇಶದಲ್ಲಿ ಈ ಒಂದು ನಿರ್ಲಕ್ಷ್ಯದ ಬಿಲ್ಲು ಪ್ರತಿ ಸಲವೂ ಗ್ರಾಹಕನ ಕೈಗೇ ಬರುತ್ತದೆ, ಪಂಪಿನ ಬೆಲೆಯ ಹಲವು ಪಟ್ಟು. ಅದನ್ನು ತಪ್ಪಿಸುವ ಉಪಾಯ ದೋಣಿ ಕೊಳ್ಳುವ ದಿನವೇ ಇದೆ, ಅದಕ್ಕೆ ಖರ್ಚೂ ಇಲ್ಲ. ಎಂಜಿನ್ನಿನ ಅಶ್ವಶಕ್ತಿ, ಬಣ್ಣದ ಮಿಂಚು, ಪರದೆಯ ಅಗಲ ಎಲ್ಲ ನೋಡಿದ ಮೇಲೆ, ಹಣ ಕಟ್ಟುವ ಮುಂಚೆ, ಹಿಂಬದಿಯ ಬಾಗಿಲು ತೆರೆಸಿ ಮಾರುವವರಿಗೆ ಒಂದು ಮಾತು ಹೇಳಿದರೆ ಸಾಕು: ಈ ದೋಣಿಯ ತೊಟ್ಟಿಯ ಪಂಪು ಎಲ್ಲಿದೆ, ಅದನ್ನೊಮ್ಮೆ ಬಿಚ್ಚಿ ತೋರಿಸಿ. ಬಿಚ್ಚಿ ತೋರಿಸಿದರೆ ವ್ಯಾಪಾರ ಮುಂದುವರಿಸಬಹುದು. ಮಾತು ತೇಲಿಸಿದರೆ ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.